ಒರೆಸಿದವರ ಮುಖ

"ಮುಟ್ಟಬೇಡ ಮಗಳೇ. ಆ ಮಸಿ ಒರೆಸಿದವರ ಮುಖಕ್ಕೇ ಹತ್ತುತ್ತೆ."

ಮುದುಕಿ ಬಾಗಿಲಿಗೆ ಒರಗಿ ನಿಂತಿದ್ದಳು. ಗ್ಯಾಲರಿಗೆ ಹೊಸದಾಗಿ ಸೇರಿದ್ದ ಚಿತ್ರ ರಿಪೇರಿಯವಳು ಕಡ್ಡಿಗೆ ಹತ್ತಿ ಸುತ್ತುತ್ತಲೇ ನಕ್ಕಳು. ಅಲ್ಲಿ ಎಲ್ಲರೂ ಅವಳನ್ನು ತೇಪೆ ಡಾಕ್ಟರು ಎಂದೇ ಕರೆಯುತ್ತಿದ್ದರು. ಅವಳಿಗೂ ಆ ಹೆಸರು ಹಿಡಿಸಿತ್ತು.

"ಹತ್ತಲಿ ಬಿಡಿ ಅಮ್ಮ. ಕಣ್ಣಿಗೆ ಕಾಡಿಗೆ ಹಚ್ಕೊಳ್ಳೋ ಕೆಲಸ ಉಳೀತು."

"ನಗಬೇಡ. ಚಿತ್ರದ ಹಿಂದೆ ನನ್ನ ಮಗಳ ಕೂದಲು ಗಂಟು ಹಾಕಿಟ್ಟಿದೀನಿ. ಗಂಟು ಹಾಕುವಾಗ ಏನು ಹೇಳಬೇಕೋ ಅದನ್ನೂ ಹೇಳಿದೀನಿ."

ಮೇಜಿನ ಮೇಲೆ ಮಲಗಿದ್ದ ಚಿತ್ರ ಆ ಮಗಳದು. ಬರೆದವಳೂ ಅವಳೇ, ಚಿತ್ರದೊಳಗಿನ ಮುಖವೂ ಅವಳದೇ. ಮದುವೆಯಾಗು ಎಂದು ಬೆನ್ನು ಬಿದ್ದವನಿಗೆ ಒಲ್ಲೆ ಅಂದಿದ್ದಳು. ಅವನು ಗ್ಯಾಲರಿ ಯಜಮಾನರ ಬಾಮೈದ. ಪ್ರದರ್ಶನದ ದಿನ, ಕಿಕ್ಕಿರಿದ ಜನರ ಎದುರಿಗೇ, ಅಂಗೈ ತುಂಬ ಮಸಿ ತಂದು ಆ ಮುಖಕ್ಕೆ ಬಳಿದ. ಹುಡುಗಿ ಹಾಸಿಗೆ ಹಿಡಿದವಳು ಮತ್ತೆ ಏಳಲಿಲ್ಲ. ನೋಡಿದವರೆಲ್ಲ, ಕೇಸು ಎಂದೊಡನೆ, ಆ ಹೊತ್ತಿಗೆ ತಾವು ಕಾಫಿಗೆ ಹೋಗಿದ್ದೆವು ಅಂದರು. ಅಷ್ಟು ಜನ ಹಿಡಿಸುವ ಕಾಫಿ ಅಂಗಡಿ ಆ ಬೀದಿಯಲ್ಲೇ ಇರಲಿಲ್ಲ!

ಉಳಿದಿದ್ದು ಒಂದೇ ಸಾಕ್ಷಿ. ಕೆನ್ನೆಯಿಂದ ಬಾಯಿಗೆ ಅಡ್ಡಲಾಗಿ ಒತ್ತಿದ ಕಪ್ಪು ಅಂಗೈ. ಅದರ ಕಿರುಬೆರಳು ಅರ್ಧಕ್ಕೇ ಮುಗಿದಿತ್ತು, ಥೇಟ್ ಬಾಮೈದನ ಮೊಂಡು ಕಿರುಬೆರಳಿನಂತೆ.

"ನಾಳೆ ಜಡ್ಜ್ ಸಾಹೇಬ್ರು ಚಿತ್ರ ನೋಡೋಕೆ ಬರ್ತಾರಮ್ಮ," ಎಂದು ಯಜಮಾನರು ಬೆಳಿಗ್ಗೆ ಬೆಣ್ಣೆಯಂಥ ದನಿಯಲ್ಲಿ ಹೇಳಿ ಹೋಗಿದ್ದರು. "ಅಷ್ಟರಲ್ಲಿ ಮುಖ ತೊಳೆದ ಮಗು ಥರ ಇರಬೇಕು. ನಿನ್ನ ಕೆಲಸ ಕಾಯಂ ಮಾಡಿಸೋದು ನನಗಿರಲಿ."

ಅದು ಸಾಕ್ಷಿ ಎಂದು ತೇಪೆ ಡಾಕ್ಟರಿಗೆ ಗೊತ್ತಿತ್ತು. ಗೊತ್ತಿಲ್ಲದವಳ ಹಾಗೆ ಇರುವುದೂ ಗೊತ್ತಿತ್ತು.

ಕಾವಲಿನವನು ಬಂದು ಮುದುಕಿಯನ್ನು ಹೊರಡಿಸಿದ. ತೇಪೆ ಡಾಕ್ಟರು ಚಿತ್ರ ಮಗುಚಿ, ಕೂದಲ ಗಂಟನ್ನು ಚಿಮಟದಿಂದ ಎಳೆದಳು. "ಇದೇನಾ ನಿಮ್ಮ ಬ್ರಹ್ಮಾಸ್ತ್ರ?" ಎಂದು ಖಾಲಿ ಬಾಗಿಲಿಗೆ ತೋರಿಸಿ, ಕಸದ ಬುಟ್ಟಿಗೆ ಒಗೆದಳು.

ನೆಲಮಾಳಿಗೆಯ ಆ ಕೋಣೆಗೆ ಕಿಟಕಿಯಿರಲಿಲ್ಲ. ಹೊರಗೆ ಸುಡುವ ಮಧ್ಯಾಹ್ನವಿದ್ದರೂ ಒಳಗೆ ದೀಪದ್ದೇ ಹಗಲು. ಸ್ಪಿರಿಟ್ಟಿನ, ಹಳೆಯ ಅಂಟಿನ ವಾಸನೆ. ನಾಜೂಕು ಬಣ್ಣದ ಮೇಲಿನ ಕೊಳೆಗೆ ಎಂಜಲಿನಷ್ಟು ಮೆತ್ತಗಿನ ಮದ್ದಿಲ್ಲ ಎಂಬುದು ಆ ಕಸುಬಿನವರ ನಂಬಿಕೆ. ಹತ್ತಿಯನ್ನು ನಾಲಿಗೆಯ ಮೇಲೆ ಹೊರಳಿಸಬೇಕು, ಚಿತ್ರದ ಮೇಲೆ ಹೊರಳಿಸಬೇಕು, ಎಸೆಯಬೇಕು. ಕೊಳೆ ಮುಟ್ಟಿದ ಹತ್ತಿ ಮತ್ತೆ ಬಾಯಿಗೆ ಹೋಗಕೂಡದು. ಬಲಗಡೆ ಬಟ್ಟಲಲ್ಲಿ ಬಿಳಿ ಹತ್ತಿ, ಎಡಗಡೆ ಬಟ್ಟಲಲ್ಲಿ ಕರಿ ಹತ್ತಿ. ಕೈ ತಾನಾಗಿ ಓಡಾಡುತ್ತಿತ್ತು. ಹೆಬ್ಬೆರಳು ಕರಗಿತು. ಅಂಗೈ ತೆಳುವಾಯಿತು. ಕೆನ್ನೆ ಬೆಳಗಿತು. ಕೊನೆಗೆ ಆ ಮೊಂಡು ಕಿರುಬೆರಳೊಂದು ಉಳಿಯಿತು, ತುಟಿಯ ಅಂಚಿನಲ್ಲಿ.

ಕರೆಂಟು ಹೋಯಿತು.

ಕತ್ತಲೆಂದರೆ ಕಣ್ಣಿಗೆ ಹಚ್ಚಿದ ಡಾಂಬರು. ಬುಟ್ಟಿಯ ಕಡೆಯಿಂದ ಸರಕ್ ಎಂದು ಏನೋ ಹರಿದ ಸದ್ದು. ಇಲಿ, ಅಂದುಕೊಂಡಳು. ಇನ್ನೊಂದು ಸಲ ಒರೆಸಿದರೆ ಮುಗಿಯಿತು, ಕುರುಡಿಯಂತೆ ತಡಕಿದಳು. ಹತ್ತಿ ಸಿಕ್ಕಿತು. ನಾಲಿಗೆಗೆ ಇಟ್ಟಳು.

ಸುಟ್ಟ ಕೂದಲಿನ ರುಚಿ.

ಎಡಗಡೆ ಬಟ್ಟಲು!

ಉಗುಳಿದಳು. ಬರಲಿಲ್ಲ. ನಾಲಿಗೆಗೆ ಎಳೆ ಸುತ್ತಿಕೊಂಡಿತು. ಒಂದೆಳೆ. ಹತ್ತೆಳೆ. ಎಳೆದಷ್ಟೂ ಗಂಟಲೊಳಗಿನಿಂದ ಬಂತು. ಚಿತ್ರ ಇದ್ದ ಕಡೆ ಯಾರೋ ಉಸಿರೆಳೆದರು. ಉದ್ದವಾಗಿ. ಬಹಳ ದಿನ ಮುಚ್ಚಿಟ್ಟ ಬಾಯಿ ತೆರೆದಂತೆ. ಅವಳ ಕೆನ್ನೆಗೆ ತಣ್ಣನೆಯ ಅಂಗೈ ತಗುಲಿತು. ಒತ್ತಿತು. ಬೆರಳುಗಳು ಬಾಯಿಗೆ ಅಡ್ಡ ಬಂದವು. ಒಂದು. ಎರಡು. ಮೂರು. ಆಮೇಲೆ ಒಂದು ಮೊಂಡು.

ಕೂಗಿದಳು. ದನಿಯಿಲ್ಲ.

ದೀಪ ಬಂದಾಗ ಚಿತ್ರ ಹೊಳೆಯುತ್ತಿತ್ತು. ಒಂದು ಚುಕ್ಕೆ ಮಸಿಯಿಲ್ಲ. ಸ್ಟೀಲು ತಟ್ಟೆಯಲ್ಲಿ ತನ್ನ ಮುಖ ನೋಡಿಕೊಂಡಳು. ಸೋಪು ಹಾಕಿದಳು, ಸ್ಪಿರಿಟ್ ಹಾಕಿದಳು, ರಕ್ತ ಜಿನುಗುವವರೆಗೆ ತಿಕ್ಕಿದಳು. ಮುಖದ ಮೇಲಿನ ಕಪ್ಪು ಅಂಗೈ ಬಿಡಲಿಲ್ಲ. ಬಾಯಿಗೆ ಮಾತೂ ಬರಲಿಲ್ಲ.

ಮರುದಿನ ಜಡ್ಜ್ ಸಾಹೇಬರು ಚಿತ್ರವನ್ನು ಹತ್ತಿರದಿಂದ ನೋಡಿದರು, ದೂರದಿಂದ ನೋಡಿದರು. "ಎಲ್ರೀ ಹಾನಿ? ಚೆನ್ನಾಗೇ ಇದೆಯಲ್ಲ!"

ಅವಳು ಜನರನ್ನು ತಳ್ಳಿಕೊಂಡು ಬಂದು ಅವರ ತೋಳು ಹಿಡಿದಳು. ತನ್ನ ಕೆನ್ನೆ ತೋರಿಸಿದಳು, ಬಾಗಿಲ ಬಳಿ ನಿಂತಿದ್ದ ಬಾಮೈದನನ್ನು ತೋರಿಸಿದಳು. ಗಂಟಲಿನಿಂದ ಗೊರಗೊರ ಸದ್ದಷ್ಟೇ ಬಂತು. ಬಾಮೈದ ಕೈಯನ್ನು ಪ್ಯಾಂಟಿನ ಜೇಬಿಗಿಳಿಸಿದ.

"ಸಾಕ್ಷಿ ಇಲ್ಲಿದೆ ಸ್ವಾಮಿ," ಎಂದಳು ಮುದುಕಿ. "ಕಿರುಬೆರಳು ನೋಡಿ. ಅವನ ಕೈ ಜೇಬಿಂದ ತೆಗೆಸಿ ನೋಡಿ."

"ನಾನು ಚಿತ್ರ ನೋಡೋಕೆ ಬಂದೋನಮ್ಮ, ಕೆಲಸದವರ ಮುಖ ನೋಡೋಕಲ್ಲ. ಹೋಗಿ ಮುಖ ತೊಳ್ಕೊಳೋಕೆ ಹೇಳಿ ಅವಳಿಗೆ." ಸಾಹೇಬರು ತೋಳು ಕೊಡವಿಕೊಂಡು ನಡೆದರು. ಹಿಂದಿದ್ದವರು ನಕ್ಕರು.

ಅವಳು ಮುದುಕಿಯ ಕಾಲಿಗೆ ಬಿದ್ದಳು. ಮುದುಕಿ ಎಬ್ಬಿಸಲಿಲ್ಲ, ಬೈಯಲೂ ಇಲ್ಲ.

"ಬಿಡಿಸೋದು ನನಗೆ ಬರಲ್ಲ ಮಗಳೇ. ಬಳಿದವನಿಗೆ ಕೋರ್ಟಿದೆ ಅಂದ್ಕೊಂಡೆ. ಅದಕ್ಕೇ ಒರೆಸೋರಿಗೆ ಮಾತ್ರ ಮಾಟ ಮಾಡ್ದೆ."

ಯಜಮಾನರು ಕರವಸ್ತ್ರ ಚಾಚಿದರು. ಅವಳು ಅದನ್ನು ಕಸಿದುಕೊಂಡು ಎರಡೂ ಕೈಯಿಂದ ಮುಖ ಉಜ್ಜಿದಳು, ಉಜ್ಜಿದಳು. ಕರವಸ್ತ್ರ ಬೆಳ್ಳಗೇ ಇತ್ತು. ಯಜಮಾನರು ಅದನ್ನು ನೀಟಾಗಿ ಮಡಚಿ ಜೇಬಿಗೆ ಹಾಕಿಕೊಂಡು, ಸಾಹೇಬರಿಗೆ ಬಾಗಿಲು ತೆರೆಯಲು ಓಡಿದರು.