ಮಂಗಳಗೌರಿಯ ಹಾರ್ಡ್‌ಡಿಸ್ಕ್

“ಬೇರೆ ಮೈಗೆ ಆಕ್ಬ್ಯಾಡ ಕಣಪ್ಪ. ನನ್ನ ಕೂಸ ಅದ್ರೊಳ್ಗೇ ಕಟ್ಟಾಕವ್ರೆ. ಮಡುಗುದ್ರೆ ಪೆಟ್ಗೆ ಸಮೇತ ಮಡುಗು.”

ತೆರಕಣಾಂಬಿಯ ಮೂಗಮ್ಮ ಬಿಸಿಲಲ್ಲಿ ಬೆವೆತು ಬಂದು ಹೀಗೆ ಬೇಡಿಕೊಂಡಾಗ ಶಶಿಕುಮಾರನಿಗೆ ನಗು ತಡೆಯಲಾಗಲಿಲ್ಲ. ಚಾಮರಾಜನಗರದಿಂದ ಬಂದ ಅವನು ಗುಂಡ್ಲುಪೇಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ತೆರೆದು ಇನ್ನೂ ಒಂದು ಮಳೆಗಾಲವೂ ಕಳೆದಿರಲಿಲ್ಲ. ಮೂಗಮ್ಮನ ಮೈದುನ ಅವನಿಗೊಂದು ಹಳೇ ಕಂಪ್ಯೂಟರ್ ಮಾರಿ ಹೋಗಿದ್ದ. ಅದು ಅವಳ ಸತ್ತ ಮಗಳು ಮಂಗಳಗೌರಿಯದು. ಆ ಹುಡುಗಿ ಕೀಬೋರ್ಡಿನ ಮುಂದೆ ಕೂತಲ್ಲೇ ಉಸಿರು ಬಿಟ್ಟಿದ್ದಳಂತೆ. ಮಣ್ಣು ಮಾಡಿ ಬಂದ ಮೇಲೂ ಕೋಣೆಯಲ್ಲಿ ಟೈಪಿಂಗ್ ಸದ್ದು ನಿಲ್ಲದೆ, ಮನೆಯವರು ಮಂತ್ರವಾದಿಯನ್ನು ಕರೆಸಿ ಅವಳನ್ನು ಆ ಪೆಟ್ಟಿಗೆಗೇ ಕಟ್ಟಿಸಿದ್ದರಂತೆ.

ಶಶಿಕುಮಾರ ತಮಾಷೆಗೆ ನಿಂತ. ಪೆಟ್ಟಿಗೆಯ ಹಾರ್ಡ್‌ಡಿಸ್ಕಿನಲ್ಲಿರುವುದು ದೆವ್ವವಲ್ಲ, ಕಂಪನಿಯವರೇ ಹಾಕಿ ಕಳಿಸಿದ ಆಪರೇಟಿಂಗ್ ಸಿಸ್ಟಂ ಎಂದ. ಅದನ್ನೂ ಒಂದೇ ಕಂಪ್ಯೂಟರಿನ ಬೋರ್ಡಿಗೆ ಕಟ್ಟಿರುತ್ತಾರೆ, ಬೇರೆಯದಕ್ಕೆ ಹಾಕಿದರೆ ಲೈಸೆನ್ಸ್ ಇಲ್ಲವೆಂದು ಗೊಣಗುತ್ತದೆ, ಗೊಣಗುವವರ ಬಾಯಿ ಮುಚ್ಚಿಸಲು ತನಗೆ ಬರುತ್ತದೆ ಎಂದೂ ಸೇರಿಸಿದ. ಮುದುಕಿ ಕಣ್ಣೊರೆಸಿಕೊಂಡು ಬಸ್ಸಿಗೆ ಹೋದಳು.

ಬೀದಿಯಲ್ಲಿ ಹೋಗುವ ಮಾರಿಯನ್ನು ಮನೆಗೆ ಕರೆಯುವುದು ಅಂದರೆ ಇದೇ. ಪೆಟ್ಟಿಗೆಗೆ ಸುತ್ತಿದ್ದ ಕರಿದಾರವನ್ನು ಕತ್ತರಿಸಿ, ಒಳಗೆ ಅಂಟಿಸಿದ್ದ ತಾಮ್ರದ ತಗಡನ್ನು ಕಿತ್ತೆಸೆದು, ಅವನು ಡಿಸ್ಕನ್ನಷ್ಟೇ ಬಿಚ್ಚಿಕೊಂಡ. ಹೆಂಡತಿ ಬೃಂದಾಳ ಕಂಪ್ಯೂಟರಿನ ಡಿಸ್ಕ್ ಕೆಟ್ಟು ಅವಳ ಲಗ್ನಪತ್ರಿಕೆ ಟೈಪಿಂಗ್ ಕೆಲಸ ನಿಂತಿತ್ತು. ಉಳಿದ ಬೋರ್ಡು, ಪೆಟ್ಟಿಗೆ ಎಲ್ಲ ಬೇಗೂರಿನ ಗುಜರಿ ಗಾಡಿ ಸೇರಿದವು.

ಮಟಮಟ ಮಧ್ಯಾಹ್ನ, ಮನೆಯಲ್ಲಿ, ಬೃಂದಾಳ ಕಂಪ್ಯೂಟರಿಗೆ ಆ ಡಿಸ್ಕ್ ಜೋಡಿಸಿ ಗುಂಡಿ ಒತ್ತಿದ. ಡಿಸ್ಕ್ ಕರಕರ ಅಂದಿತು. ಹೊಸ ಸಾಧನಗಳನ್ನು ಹುಡುಕಲಾಗುತ್ತಿದೆ ಎಂದು ಪರದೆಯ ಮೇಲೆ ಮೂಡಿತು. ಹಿಂದೆಯೇ ವಾಸನೆ. ಕೊಳೆತ ಚೆಂಡುಹೂವು, ಹಸಿ ಮಣ್ಣು, ಒದ್ದೆ ವಿಭೂತಿ. ಪಕ್ಕದಲ್ಲಿ ಕೂತಿದ್ದ ಬೃಂದಾ ಮೂಗು ಮುಚ್ಚಿಕೊಂಡಳು.

ಕೀಬೋರ್ಡ್ ಸಿಕ್ಕಿತು. ಮೌಸ್ ಸಿಕ್ಕಿತು. ಹುಡುಕಾಟ ನಿಲ್ಲಲಿಲ್ಲ. ಬೆರಳು ಸಿಕ್ಕಿತು. ಶಶಿಕುಮಾರ ಓದಿದ್ದನ್ನೇ ಮತ್ತೆ ಓದಿದ. ನಾಲಗೆ ಸಿಕ್ಕಿತು. ಕಣ್ಣು ಸಿಕ್ಕಿತು. ವೈರು ಕಿತ್ತ. ಪರದೆ ಆರಲಿಲ್ಲ. ಡಿಸ್ಕ್ ಕಿತ್ತ. ಪರದೆ ಆರಿತು, ಕರಕರ ನಿಲ್ಲಲಿಲ್ಲ. ಆ ಸದ್ದು ಬೃಂದಾಳ ಗಂಟಲಿನಿಂದ ಬರುತ್ತಿತ್ತು.

ಅವಳು ತಿರುಗಿ ನೋಡಿದಳು. ಪರಗಂಡಸಿನ ಎದುರು ಸರಿಮಾಡಿಕೊಳ್ಳುವ ಹಾಗೆ ವೇಲು ಸರಿಮಾಡಿಕೊಂಡಳು.

“ಯಾರು ನೀವು? ನಮ್ಮವ್ವ ಎಲ್ಲವ್ಳೆ?”

ಡಿಸ್ಕನ್ನು ಜೇಬಿಗಿಟ್ಟುಕೊಂಡು ಅವನು ಬೇಗೂರಿಗೆ ಓಡಿದ. ಹಳೇ ಪೆಟ್ಟಿಗೆ ಸಿಕ್ಕಿದರೆ ಮತ್ತೆ ಅದರೊಳಗೇ ಇಟ್ಟುಬಿಡಬಹುದು ಎಂಬ ಆಸೆ. ಗುಜರಿಯವನು ಆಗಲೇ ಬೋರ್ಡನ್ನು ಸುತ್ತಿಗೆಯಲ್ಲಿ ಜಜ್ಜಿ ತಾಮ್ರ ಬಿಡಿಸಿಕೊಂಡಿದ್ದ. ಅಲ್ಲಿಂದ ತೆರಕಣಾಂಬಿಗೆ ಹೋಗಿ ಮೂಗಮ್ಮನ ಮುಂದೆ ಕುಸಿದು ಕೂತ. ಅವಳು ಬೈಯಲಿಲ್ಲ. ಪೆಟ್ಟಿಗೆ ಹೋದ ಮೇಲೆ ಉಳಿದಿರುವುದು ಒಂದೇ ದಾರಿ, ಹೆತ್ತವಳೇ ಎದುರು ನಿಂತು ಹೋಗು ಅನ್ನಬೇಕು, ಅಂದಳು. ಅನ್ನುತ್ತೇನೆಂದು ಒಪ್ಪಿ, ಸೆರಗು ಸೊಂಟಕ್ಕೆ ಸಿಕ್ಕಿಸಿ ಜೊತೆಗೇ ಹೊರಟಳು. ಬೃಂದಾ ಇನ್ನೊಮ್ಮೆ ‘ರೀ’ ಎಂದು ಕರೆದರೆ ಅವನಿಗೆ ಅಷ್ಟೇ ಸಾಕಿತ್ತು.

ಮೂಗಮ್ಮ ಹೊಸ್ತಿಲು ದಾಟಿ ನಿಂತಳು. ಬಾಯಿ ತೆರೆದಳು.

“ಅವ್ವ, ಒಟ್ಟೆ ಅಸೀತದೆ,” ಅಂದಳು ಬೃಂದಾ.

ಮುದುಕಿ ಅಡುಗೆಮನೆಗೆ ಹೋಗಿ ಅನ್ನ ಕಲಸಿ ತಂದು, ಮಗಳಿಗೆ ತುತ್ತು ಮಾಡಿ ಉಣ್ಣಿಸತೊಡಗಿದಳು. ಶಶಿಕುಮಾರ ಕಾಲಿಗೆ ಬಿದ್ದ. ಹೋಗು ಎಂಬ ಒಂದೇ ಒಂದು ಮಾತು ಅನ್ನು ಎಂದು ಗೋಗರೆದ.

“ಎತ್ತವ್ಳು ಕಣಪ್ಪ ನಾನು. ಇನ್ನೊಂದ್ಸಲ ಎಂಗ್ ಮಣ್ ಮಾಡ್ಲಿ?”

ಉಂಡು ಕೈತೊಳೆದು ಇಬ್ಬರೂ ಬಸ್‌ಸ್ಟ್ಯಾಂಡಿಗೆ ನಡೆದರು. ಅವನು ದಾರಿಯುದ್ದಕ್ಕೂ ಬೃಂದಾ, ಬೃಂದಾ ಎಂದು ಕೂಗುತ್ತ ಹಿಂದೆ ಹೋದ. ಗಂಡ ಹೆಂಡಿರ ಜಗಳವೆಂದು ಜನ ಮುಖ ತಿರುಗಿಸಿಕೊಂಡರು. ಬಸ್ಸಿನ ಕಿಟಕಿಯ ಸರಳು ಹಿಡಿದು ನಿಂತವನನ್ನು ಅವಳು ಮರುಕದಿಂದ ನೋಡಿದಳು.

“ಪಾಪ, ಆ ಅಣ್ಣ ಯಾಕವ್ವ ಅಂಗೆ ಅಳ್ತಾವ್ರೆ?”

ಮೂಗಮ್ಮ ಅವಳ ತಲೆಯನ್ನು ಎದೆಗೆ ಒತ್ತಿಕೊಂಡು ಕಿಟಕಿ ಮುಚ್ಚಿದಳು. ಬಸ್ಸು ಹೊರಟಿತು.