ಕದಿಯದ ಕೆಂಪು

"ನನ್ನ ಕೆಂಪು ಎಲ್ಲಿ?"

ಮುದ್ರಣಾಲಯದ ಬಾಗಿಲು ದೂಡಿಕೊಂಡು ಒಳಗೆ ಬಂದವಳ ದನಿಗೆ ಯಂತ್ರದ ಮುಂದಿದ್ದವರೆಲ್ಲ ತಿರುಗಿ ನೋಡಿದರು. ಬೆಟ್ಟದೂರು ಕೊಚ್ಕೋರಿನಿಂದ ರಾಜಧಾನಿ ಬಿಷ್ಕೆಕ್‌ವರೆಗೆ ಮಿನಿಬಸ್ಸಿನಲ್ಲಿ ಕೂತಷ್ಟು ಹೊತ್ತೂ ಮೀರಿಮ್ ಈ ಒಂದು ಮಾತನ್ನೇ ಮನಸ್ಸಿನಲ್ಲಿ ಮಸೆಯುತ್ತ ಬಂದಿದ್ದಳು.

ಕಂಪ್ಯೂಟರಿನ ಹಿಂದಿನಿಂದ ಎತ್ತರದ ಯುವಕನೊಬ್ಬ ಎದ್ದು ನಿಂತ. ಹೆಸರು ಎರ್ಮೆಕ್. ಅಚ್ಚಿಗೆ ಹೋಗುವ ಚಿತ್ರಗಳ ಬಣ್ಣ ನೋಡಿಕೊಳ್ಳುವುದು ಅವನ ಕೆಲಸ.

"ಕೆಂಪಾ? ಇಲ್ಲೇ ಇದೆಯಲ್ಲ... ನಿಮ್ಮ ಕೆನ್ನೆ ಮೇಲೆ!"

ಯಾರೋ ಕಿಸಕ್ಕೆಂದರು. ಮೀರಿಮ್ ಅವರೇ ಮಾದರಿಗೆಂದು ಅಚ್ಚು ಹಾಕಿ ಕಳಿಸಿದ್ದ ಪ್ರೂಫ್ ಹಾಳೆಯನ್ನು ಮೇಜಿಗೆ ಬಡಿದಳು.

"ತಮಾಷೆ ಸಾಕು! ಇದು ನಮ್ಮ ಹೆಂಗಸರು ಮಂಜಿಷ್ಠದ ಬೇರು ಕುದಿಸಿ ಹಾಕಿದ ಬಣ್ಣ. ನೀವು ಇದನ್ನ ಒಣಗಿದ ಈರುಳ್ಳಿ ಸಿಪ್ಪೆ ಮಾಡಿಟ್ಟಿದ್ದೀರಿ!"

ಕೊಚ್ಕೋರಿನ ಹೆಂಗಸರ ಸಂಘ ಉಣ್ಣೆ ತಟ್ಟಿ ಮಾಡುವ ಶಿರ್ದಾಕ್ ಹಾಸುಗಳಿಗೆ ಅದು ಮೊದಲ ಚಿತ್ರಪುಸ್ತಕ. ದೂರ ದೇಶದ ಕೊಳ್ಳುವವರು ಅದನ್ನು ನೋಡಿಯೇ ಹಾಸು ಆರಿಸಬೇಕು. ಪ್ರತಿಯೊಂದು ಫೋಟೋವನ್ನೂ ತೆಗೆದವಳು ಮೀರಿಮ್. ತಿದ್ದಿದವಳೂ ಅವಳೇ.

ಎರ್ಮೆಕ್ ಹಾಳೆಯನ್ನು ಬೆಳಕಿಗೆ ಹಿಡಿದ. ಅವನ ನಗು ಮೆಲ್ಲಗೆ ಇಳಿಯಿತು.

"ಹಿನ್ನೆಲೆ ಕತ್ತರಿಸಿ ತೆಗೆದಿರೋದು ಯಾರು? ಅಂಚಿನ ಒಂದು ಎಳೆ ಉಣ್ಣೇನೂ ಹೋಗಿಲ್ಲ..."

"ನಾನೇ."

"ಯಾವ ಸಾಫ್ಟ್‌ವೇರಲ್ಲಿ?"

"ಉಚಿತದ್ದು."

"ಓ... ಪುಕ್ಕಟೆದು."

ಆ ಒಂದು ಮಾತು ಮೀರಿಮ್‌ಗೆ ಮುಳ್ಳಿನಂತೆ ಚುಚ್ಚಿತು. 'ಪುಕ್ಕಟೆಯಂತೆ! ನನ್ನ ಕಣ್ಣು ಪುಕ್ಕಟೆಯಾ? ಬೆನ್ನು ಬಗ್ಗಿಸಿ ಕೂತಿದ್ದು ಪುಕ್ಕಟೆಯಾ?'

"ಪರದೆ ಮೇಲಿನ ಕೆಂಪು ಬೆಳಕಿಂದು," ಎಂದ ಎರ್ಮೆಕ್. "ಕಾಗದದ ಕೆಂಪು ಶಾಯಿದು. ಅದನ್ನ ಇದಕ್ಕೆ ಇಳಿಸೋಕೆ ಇಲ್ಲೆಲ್ಲರೂ ದುಡ್ಡಿನ ಸಾಫ್ಟ್‌ವೇರೇ ಬಳಸೋದು."

"ತಿಂಗಳು ತಿಂಗಳು ಕಟ್ಟೋ ಶಕ್ತಿ ನಮ್ಮ ಸಂಘಕ್ಕಿಲ್ಲ."

ಯಂತ್ರದ ಬಳಿಯಿದ್ದ ಮುದುಕ ಬಾಯಿ ಹಾಕಿದ. "ಕಟ್ಟು ಅಂದೋರ್ಯಾರಮ್ಮಾ? ಬಜಾರಲ್ಲಿ ಅದರದ್ದೇ ಬೀಗ ಒಡೆದ ಕಾಪಿ ಸಿಗತ್ತೆ. ಊರಿಗೂರೇ ಅದ್ರಲ್ಲೇ ಬದುಕ್ತಿದೆ!"

ಮೀರಿಮ್ ನೆಟ್ಟಗೆ ನಿಂತಳು.

"ನಮ್ಮ ಉಲ್ಕಾನ್ ಎಜೆ ಸಂಘದ ಹಿರಿಯಕ್ಕ. ಅವರು ತಲೆಯಿಂದ ತೆಗೆದು ಬರೆದ ಟಗರುಕೊಂಬಿನ ಚಿತ್ತಾರವನ್ನ ಯಾವನೋ ಫೋಟೋ ಹೊಡ್ಕೊಂಡು ಹೋಗಿ, ಪ್ಲಾಸ್ಟಿಕ್ ಚಾಪೆ ಮೇಲೆ ಅಚ್ಚೊತ್ತಿ ಮಾರಿದ. ಅದೇ ನಿಮ್ಮ ಬಜಾರಲ್ಲಿ! ಅವತ್ತು ಎಜೆಗೆ ಒಂದು ತುತ್ತು ರೊಟ್ಟಿ ಗಂಟಲಲ್ಲಿ ಇಳೀಲಿಲ್ಲ. ನಮ್ಮ ಕೆಲಸ ಕದ್ದೋನನ್ನ ನಾವು ಕಳ್ಳ ಅಂತೀವಿ. ಇನ್ನೊಬ್ಬರ ಕೆಲಸ ಕದ್ದು ನಾನು ಈ ಪುಸ್ತಕ ಮಾಡಿದ್ರೆ, ನನಗೇನನ್ನಬೇಕು?"

ಮುದುಕ ಯಂತ್ರದ ಕಡೆ ತಿರುಗಿಕೊಂಡ.

"ದುಡ್ಡಿದ್ರೆ ಕೊಟ್ಟು ಬಳಸ್ತೀನಿ. ಇಲ್ದಿದ್ರೆ, ಯಾರು ತಾವಾಗೇ ಕೊಟ್ಟಿದ್ದಾರೋ ಅವರದ್ದು ಬಳಸ್ತೀನಿ. ಕದ್ದು ಮಾತ್ರ... ಬಳಸಲ್ಲ!"

ಎರ್ಮೆಕ್ ಅವಳನ್ನೇ ನೋಡುತ್ತಿದ್ದ. ಇಷ್ಟು ವರ್ಷ ಬಣ್ಣಗಳ ನಡುವೆ ಬದುಕಿದವನಿಗೆ, ಹಮ್ಮಿಗೂ ಇಷ್ಟು ಚೆಂದದ ಬಣ್ಣವಿರುತ್ತದೆಂದು ಅವತ್ತೇ ತಿಳಿದದ್ದು.

"ಕೂತ್ಕೊಳ್ಳಿ," ಅವನ ದನಿ ಮೆತ್ತಗಾಗಿತ್ತು. "ಚಹಾ ಕುಡೀರಿ. ನಮ್ಮಲ್ಲಿರೋದು ದುಡ್ಡು ಕೊಟ್ಟು ತಂದಿದ್ದೇ. ಇಲ್ಲೇ ಕೂತು ಬಣ್ಣ ಸರಿ ಮಾಡೋಣ."

"ನಾನು ಯಾರ ಹಂಗಲ್ಲೂ ಇರಲ್ಲ."

"ಹಂಗೇನು ಬಂತು? ಸರಿಯಾದ ಬಣ್ಣ ಕೊಡೋದು ನನ್ನ ಕೆಲಸ. ತಪ್ಪು ಬಣ್ಣ ಕೊಟ್ಟಿದ್ದಕ್ಕೆ ಬೈಸ್ಕೊಂಡೆನಲ್ಲ!"

ಮೀರಿಮ್‌ಗೆ ನಗು ಬಂತು. ಬಂದದ್ದು ಗೊತ್ತಾಗದಂತೆ ಚಹಾ ಬಟ್ಟಲಿಗೆ ಮುಖ ಬಗ್ಗಿಸಿದಳು.

ಆ ವಸಂತವೆಲ್ಲ ಅವಳು ಬಿಷ್ಕೆಕ್‌ಗೆ ಬರುತ್ತಲೇ ಇದ್ದಳು. ಚೀಲದಲ್ಲಿ ಅಮ್ಮ ಹಿಟ್ಟಿನ ತುಂಡು ಕರಿದು ಕೊಟ್ಟ ಬೋರ್ಸೋಕ್, ಜೊತೆಗೆ ಒಂದೊಂದು ಹಾಸಿನ ತುಣುಕು. ಕಿಟಕಿಯ ಬೆಳಕಿನಲ್ಲಿ ಪ್ರೂಫ್ ಹಾಳೆಯ ಪಕ್ಕ ಉಣ್ಣೆ ಹಿಡಿದು ಇಬ್ಬರೂ ನೋಡುವರು.

"ಊಹುಂ, ಇನ್ನೂ ಬಿಸಿ ಸಾಲದು," ಎನ್ನುವಳು ಮೀರಿಮ್.

"ಬಣ್ಣಕ್ಕೂ ಜ್ವರ ನೋಡ್ತೀರಲ್ರೀ!" ಎನ್ನುತ್ತ ಎರ್ಮೆಕ್ ಮತ್ತೊಂದು ಬೋರ್ಸೋಕ್‌ಗೆ ಕೈ ಹಾಕುವನು.

ಒಂದು ದಿನ ಅವನು ಬಾಯಿ ತಪ್ಪಿ 'ನೀನು' ಎಂದುಬಿಟ್ಟ. ಮೀರಿಮ್ ತಿದ್ದಲಿಲ್ಲ. ಮರುವಾರ ಅವಳೂ ಹಾಗೇ ಕರೆದಳು.

ಆಮೇಲೆ ಆ ದಿನ ಬಂತು. ಅವಳು ಒಳಗೆ ಕಾಲಿಡುತ್ತಿದ್ದಂತೆ ಎರ್ಮೆಕ್ ಮಗುವಿನಂತೆ ಕುಣಿದ.

"ಮೀರಿಮ್, ಬಾ ಬಾ! ಇಲ್ನೋಡು!"

ಅವನ ಪರದೆಯ ಮೇಲಿದ್ದದ್ದು ಅವಳದೇ ಉಚಿತ ಸಾಫ್ಟ್‌ವೇರು! 'ಪುಕ್ಕಟೆದು' ಎಂದವನು ಅದನ್ನು ತಾನೇ ಹಾಕಿಕೊಂಡು, ಒಂದೊಂದು ಗುಂಡಿಯನ್ನೂ ಒತ್ತಿ ಒತ್ತಿ ಕಲಿತಿದ್ದ.

"ನಮ್ಮ ಶಾಯಿಯ ಅಳತೆಯ ಫೈಲು ಇದೆ ನೋಡು, ಅದನ್ನ ಇದಕ್ಕೆ ಹಾಕಿದ್ರೆ ಸಾಕು. ಅಚ್ಚಲ್ಲಿ ಹೇಗೆ ಬರತ್ತೋ ಹಾಗೇ ಪರದೆ ಮೇಲೆ ಕಾಣತ್ತೆ. ದುಡ್ಡಿನದ್ದು ಬೇಡ್ವೇ ಬೇಡ! ಇನ್ಮೇಲೆ ಎಲ್ಲ ಮನೇಲೇ ಕೂತು ಮಾಡ್ಕೋಬಹುದು. ನೀನು ಇಲ್ಲೀವರೆಗೂ ಬರೋ ಅಗತ್ಯಾನೇ ಇಲ್ಲ!"

ಅವಳ ಕಿವಿಗೆ ಬಿದ್ದದ್ದು ಕೊನೆಯ ಮಾತು ಮಾತ್ರ.

'ಬರುವ ಅಗತ್ಯವೇ ಇಲ್ಲ... ಇಷ್ಟು ದಿನ ನನ್ನನ್ನು ಸಾಗಹಾಕುವ ದಾರಿ ಹುಡುಕುತ್ತಿದ್ದನೇ?'

"ಒಳ್ಳೇದಾಯ್ತು," ಎಂದಳು. "ನಿಮ್ಮಿಂದ ತುಂಬ ಉಪಕಾರ ಆಯ್ತು."

ನಿಮ್ಮಿಂದ! ಎರ್ಮೆಕ್‌ನ ಮುಖ ಬಾಡಿತು. ಅವಳು ಆ ಫೈಲಿದ್ದ ಪೆನ್‌ಡ್ರೈವ್ ತೆಗೆದುಕೊಂಡು ಹೊರಟೇಹೋದಳು. 'ಅವಳಿಗೆ ಬೇಕಾಗಿದ್ದು ಬಣ್ಣ ಮಾತ್ರ,' ಅಂದುಕೊಂಡ ಅವನು. ಕರೆಯಲಿಲ್ಲ.

ಊರಿನಲ್ಲಿ ಮೀರಿಮ್ ಒಬ್ಬಳೇ ಕೂತು ಉಳಿದದ್ದನ್ನೆಲ್ಲ ತಿದ್ದಿದಳು. ಅವನು ತೋರಿಸಿದ ದಾರಿ ಎಲ್ಲೂ ಕೈಕೊಡಲಿಲ್ಲ. ಹೊಸ ಪ್ರೂಫ್ ಬಂದಾಗ ಹಾಳೆಯ ಕೆಂಪೂ ಹಾಸಿನ ಕೆಂಪೂ ಅಕ್ಕತಂಗಿಯರಂತಿದ್ದವು. ಸಂಘದ ಹೆಂಗಸರು ಕಣ್ಣೊರೆಸಿಕೊಂಡರು. ಅವಳು ಮಾತ್ರ ಹಾಳೆಯನ್ನು ಅವರ ಕೈಗಿತ್ತು ಮೂಲೆಗೆ ಹೋಗಿ ಕೂತಳು.

ಉಲ್ಕಾನ್ ಎಜೆ ಉಣ್ಣೆ ಹೊಲಿಯುತ್ತಲೇ ಕೇಳಿದರು.

"ಪುಸ್ತಕಕ್ಕೆ ಬಣ್ಣ ಬಂತು, ನಿನ್ನ ಮುಖ ಯಾಕೆ ಬೂದಿ ಬಳ್ಕೊಂಡಿದೆ?"

"...ಬರಬೇಡ ಅಂದ, ಎಜೆ."

"ಬರಬೇಡ ಅಂದ್ನಾ? ಬರೋ ಅಗತ್ಯ ಇಲ್ಲ ಅಂದ್ನಾ?"

"ಎರಡೂ ಒಂದೇ."

"ಒಂದೇ ಹೇಗಾಗತ್ತೆ, ಹುಚ್ಚಿ! ನಾನು ದಿನಾ ನಿಮ್ಮನೆಗೆ ಚಹಾಕ್ಕೆ ಬರ್ತೀನಿ. ನಮ್ಮನೇಲಿ ಚಹಾ ಇಲ್ವಾ?"

ಮೀರಿಮ್ ತಲೆಯೆತ್ತಿದಳು.

ಅಚ್ಚಾದ ಮೇಲೆ ಪುಸ್ತಕಗಳನ್ನು ಮಿನಿಬಸ್ಸಿನವನ ಕೈಲಿ ಕಳಿಸಿ ಎಂದಿದ್ದರೆ ಸಾಕಿತ್ತು. ಆದರೆ ಮರುದಿನ ಬೆಳಿಗ್ಗೆ ಅವಳೇ ಬಿಷ್ಕೆಕ್‌ನ ಮುದ್ರಣಾಲಯದ ಬಾಗಿಲಲ್ಲಿ ನಿಂತಿದ್ದಳು.

ಯಂತ್ರ ಭರಭರನೆ ಓಡುತ್ತಿತ್ತು. ಹಾಳೆಯ ಮೇಲೆ ಹಾಳೆ ಕೆಂಪು ಬೀಳುತ್ತಿತ್ತು. ತಮ್ಮೂರ ಕೆಂಪು! ಯಾರಿಂದಲೂ ಕದಿಯದ ಕೆಂಪು! ಅವಳ ಎದೆ ತುಂಬಿ ಬಂತು.

ಎರ್ಮೆಕ್ ಅವಳನ್ನು ಕಂಡು ತಬ್ಬಿಬ್ಬಾದ.

"ನಾನೇ ಕಳಿಸ್ತಿದ್ನಲ್ಲ... ನೀವು ಬರೋ ಅಗತ್ಯ..."

"ಇರಲಿಲ್ಲ. ಗೊತ್ತು. ಆದ್ರೂ ಬಂದೆ."

ಅವನು ಕೈಲಿದ್ದ ಹಾಳೆಯನ್ನು ಕೆಳಗಿಟ್ಟ.

"ಒಂದು ಕೇಳ್ತೀನಿ, ನಿಜ ಹೇಳು. ಅಷ್ಟು ಕಷ್ಟಪಟ್ಟು ಆ ದಾರಿ ಹುಡುಕಿದ್ದು ನನ್ನ ಕಳಿಸಿಬಿಡೋಕಾ?"

"ಕಳಿಸೋಕಾ?!" ಎಂದ ಎರ್ಮೆಕ್. "ಮೀರಿಮ್... ಯಾರ ಹಂಗೂ ಬೇಡ ಅಂದವಳು ನೀನು. ನಿನ್ನ ಕೆಲಸ ನನ್ನ ಕೈಲಿ ಇರೋವಾಗ ನಾನು ಮನಸ್ಸು ಬಿಚ್ಚಿದ್ರೆ, ಮಾಡಿದ್ದಕ್ಕೆ ಬೆಲೆ ಕೇಳಿದ ಹಾಗಾಗ್ತಿತ್ತು. ನಿನಗೆ ನನ್ನಿಂದ ಏನೂ ಬೇಕಾಗಿರಬಾರದು. ಆಮೇಲೆ ಕೇಳಬೇಕು ಅಂತಿದ್ದೆ. ಅಷ್ಟರಲ್ಲಿ ನೀನು 'ನಿಮ್ಮಿಂದ ಉಪಕಾರ ಆಯ್ತು' ಅಂತ ಹೊರಟೇಹೋದೆ!"

ಮೀರಿಮ್‌ಳ ಕಣ್ಣು ತುಂಬಿತು. ತಲೆ ಮಾತ್ರ ಬಗ್ಗಲಿಲ್ಲ.

"ಈಗ ನಿನ್ನಿಂದ ನನಗೆ ಏನೂ ಬೇಕಾಗಿಲ್ಲ, ಎರ್ಮೆಕ್. ಒಂದು ಎಳೆ ಕೆಂಪೂ ಬೇಕಾಗಿಲ್ಲ." ಅವಳು ಒಂದು ಹೆಜ್ಜೆ ಹತ್ತಿರ ಬಂದಳು. "ಕೇಳು. ಏನು ಕೇಳಬೇಕಿತ್ತು?"

ಗಂಡಿನ ತಾಯಿ ಬಂದು ಹುಡುಗಿಯ ಕಿವಿಗೆ ಓಲೆ ಇಟ್ಟರೆ ಆ ಸೀಮೆಯಲ್ಲಿ ಮದುವೆಯ ಮಾತು ಗಟ್ಟಿಯಾದಂತೆ.

"ಅಮ್ಮನ ಕೈಲಿ... ಓಲೆ ಕೊಟ್ಟು ಕೊಚ್ಕೋರಿಗೆ ಕಳಿಸ್ಲಾ?"

"ಕಳಿಸ್ಬೇಡ."

ಅವನು ತಲೆ ಬಗ್ಗಿಸಿದ. ಮೀರಿಮ್ ಶಾಯಿ ಮೆತ್ತಿದ ಅವನ ಬೆರಳುಗಳನ್ನು ತನ್ನ ಕೈಯೊಳಗೆ ತೆಗೆದುಕೊಂಡಳು.

"ನೀನೇ ಕರ್ಕೊಂಡು ಬಾ."