ಊರಿಗೆ ಮರಳದ ರಾಣಿ

ಶಾಲೆಯ ಅಂಗಳದಲ್ಲಿ ಎಲ್ಲರೂ ನೀಲಿ ಸ್ವೆಟರ್ ಹಾಕಿದ್ದರು. ಮೆರಿನ್ ಒಬ್ಬಳೇ ರಾಣಿಯಾಗಿದ್ದಳು.

ಅವಳು ಗಕ್ಕನೆ ನಿಂತು ಹಿಂದಿರುಗಿ ನೋಡಿದಳು. ಅಮ್ಮ ಹತ್ತಿದ ಬಸ್ಸು ಆಗಲೇ ನದಿಯ ಸೇತುವೆಯ ಕಡೆಗೆ ತಿರುಗಿಬಿಟ್ಟಿತ್ತು.

"ಏ, ಬನ್ರೋ ನೋಡೋಕೆ! ಮಹಾರಾಣಿ ಬಂದ್ಲು!" ಎಂದು ಯಾರೋ ಕೂಗಿದರು.

ಇಮೊಜೆನ್ ಓಡಿ ಬಂದಳು. "ಟ್ಯೂಡರ್ ಡೇ ವೇಷ ಸೋಮವಾರಕ್ಕೆ ಹೋಯ್ತು ಕಣೇ! ಹಾಲ್‌ನಲ್ಲಿ ಹೀಟರ್ ಕೆಟ್ಟಿದೆ. ನಿನ್ನೆ ರಾತ್ರಿ ಅಮ್ಮಂದಿರ ಗ್ರೂಪಲ್ಲಿ ಮೆಸೇಜ್ ಬಂತಲ್ಲ, ನಿಮ್ಮಮ್ಮ ನೋಡ್ಲಿಲ್ವಾ?"

ಮೆರಿನ್ ತಲೆ ಅಲ್ಲಾಡಿಸಿದಳು. ಅಮ್ಮ ಆ ಗ್ರೂಪಿನಲ್ಲಿ ಇರಲೇ ಇಲ್ಲ. ಸೆಪ್ಟೆಂಬರಿನಲ್ಲಿ ಯಾರೋ "ನಿಮ್ಮನ್ನೂ ಸೇರಿಸ್ತೀವಿ" ಎಂದಿದ್ದರು. ಈಗ ನವೆಂಬರ್.

ಅವಳು ತೊಟ್ಟಿದ್ದ ಗೌನು ಅಜ್ಜಿಯ ಮನೆಯ ಹಳದಿ ಪರದೆ. ಅಮ್ಮ ವೃದ್ಧಾಶ್ರಮದ ಡ್ಯೂಟಿ ಮುಗಿಸಿ ಬಂದು, ಬೆರಳಿಗೆ ಸೂಜಿ ಚುಚ್ಚಿಸಿಕೊಂಡು ಹೊಲಿದದ್ದು. ತಲೆಯ ಮೇಲೆ ರಟ್ಟಿನ ಟೋಪಿ. ಕಿವಿಗಳ ಪಕ್ಕದಲ್ಲಿ ಅದು ರೆಕ್ಕೆಯ ಹಾಗೆ ಅಗಲವಾಗಿ ಚಾಚಿಕೊಂಡಿತ್ತು. ಕ್ಲಾಸಿನ ಬಾಗಿಲಲ್ಲಿ ನುಗ್ಗುವಾಗ ಅದು ಚೌಕಟ್ಟಿಗೆ ತಗುಲಿ ಓರೆಯಾಯಿತು. ಮತ್ತೆ ನಗು.

ಮಿಸ್ ಓಕ್ಡೆನ್ ಅವಳನ್ನು ನೋಡಿ, "ಅಯ್ಯೋ ಮೆರಿನ್" ಎಂದರು, ಮೆಲ್ಲಗೆ. "ಕಳೆದುಹೋದ ಬಟ್ಟೆಗಳ ಪೆಟ್ಟಿಗೆಯಲ್ಲಿ ಒಂದು ಸ್ವೆಟರ್ ಹುಡುಕು, ಹೋಗಮ್ಮ."

ಪೆಟ್ಟಿಗೆಯಲ್ಲಿ ಸಿಕ್ಕಿದ್ದು ದೊಡ್ಡ ಹುಡುಗನ ಸ್ವೆಟರ್. ಅದು ಕಿತ್ತಳೆ ಸಿಪ್ಪೆಯ ವಾಸನೆ ಹೊಡೆಯುತ್ತಿತ್ತು. ಗೌನಿನ ಕೆಳಗೆ ಮೆರಿನ್ ಬರೀ ಒಳಅಂಗಿ ತೊಟ್ಟಿದ್ದಳು. ಹಾಗಾಗಿ ಗೌನಿನ ಮೇಲೆಯೇ ಸ್ವೆಟರ್ ಎಳೆದುಕೊಂಡಳು. ಅರ್ಧ ರಾಣಿ, ಅರ್ಧ ಹುಡುಗಿ. ಎರಡೂ ಸರಿಯಾಗಿ ಅಲ್ಲ.

ಟ್ಯೂಡರ್ ಡೇ ನಾಟಕದ ಈ ಪಾತ್ರವೂ ಅವಳು ಬೇಡಿ ಪಡೆದದ್ದಲ್ಲ. ಟ್ಯೂಡರ್ ವಂಶದ ಎಂಟನೇ ಹೆನ್ರಿ ರಾಜನಿಗೆ ಒಬ್ಬಳಾದ ಮೇಲೆ ಒಬ್ಬಳಂತೆ ಆರು ಜನ ರಾಣಿಯರು. ಪಾತ್ರ ಹಂಚುವ ದಿನ ಹುಡುಗಿಯರೆಲ್ಲ ಮುಗಿಬಿದ್ದದ್ದು ರಾಜ ತಲೆ ಕಡಿಸಿದ ಇಬ್ಬರಿಗಾಗಿ. ಇಮೊಜೆನ್‌ಗೆ ಎರಡನೆಯ ರಾಣಿ ಸಿಕ್ಕಿದಳು. ಇಮೊಜೆನ್‌ಳ ಕುತ್ತಿಗೆಗೆ ಅವಳ ಅಮ್ಮ ಕೆಂಪು ಬಣ್ಣ ಬಳಿಯುತ್ತಾರಂತೆ. ಕೊನೆಗೆ ಯಾರಿಗೂ ಬೇಡವಾಗಿ ಉಳಿದವಳು ನಾಲ್ಕನೆಯವಳು, ಕ್ಲೀವ್ಸ್ ನಾಡಿನ ಆ್ಯನ್. ಕೊನೆಗೆ ಉಳಿದ ಹುಡುಗಿ ಮೆರಿನ್. ಅವಳು ಹೇಳಬೇಕಾದ ಮಾತೂ ಚಿಕ್ಕದು: "ನಾನು ಕ್ಲೀವ್ಸ್‌ನ ಆ್ಯನ್. ರಾಜನಿಗೆ ನಾನು ಇಷ್ಟವಾಗಲಿಲ್ಲ."

ಬಾಯಿ ಮುಚ್ಚಿಕೊಂಡಿರುವ ಮೆರಿನ್‌ಗೆ ಅಷ್ಟು ಮಾತೇ ಹೆಚ್ಚು. ಊರಿನಲ್ಲಿ ಅವಳು ಹೀಗಿರಲಿಲ್ಲ. ಅವಳ ಊರು ನ್ಯೂಲಿನ್, ದೇಶದ ಪಶ್ಚಿಮದ ತುದಿಯಲ್ಲಿ, ಕಾರ್ನ್‌ವಾಲ್‌ನಲ್ಲಿ. ಅಲ್ಲಿ ಮೀನು ಮಾರುವವರು, ಬಸ್ ಓಡಿಸುವವರು, ಎಲ್ಲರೂ ಎಲ್ಲರನ್ನೂ "ನನ್ ಬಂಗಾರ" ಎಂದೇ ಕರೆಯುತ್ತಾರೆ. ದೇಶದ ಇನ್ನೊಂದು ತುದಿಯ ಈ ರೋಚೆಸ್ಟರಿಗೆ ಬಂದ ಮೊದಲ ದಿನ ಹಾಜರಿ ಕೂಗಿದಾಗ ಅವಳು, "ಬಂದಿದೀನಿ, ನನ್ ಬಂಗಾರ" ಎಂದುಬಿಟ್ಟಿದ್ದಳು. ಮಿಸ್ ಓಕ್ಡೆನ್‌ಗೆ! ಹುಡುಗರು ಡೆಸ್ಕ್ ಬಡಿದು ನಕ್ಕರು. ವಾರಗಟ್ಟಲೆ ಎಲ್ಲೆಲ್ಲೂ ಅದೇ. "ಪೆನ್ಸಿಲ್ ಕೊಡು, ನನ್ ಬಂಗಾರ!" "ಜರುಗು, ನನ್ ಬಂಗಾರ!" ಅಂದಿನಿಂದ ಆ ಮಾತು ಅವಳ ಬಾಯಿಂದ ಬಂದಿಲ್ಲ. ಉಳಿದ ಮಾತೂ ಕಡಿಮೆಯಾಗಿದೆ.

ಅಮ್ಮ ಹೇಳಿದ್ದರು: "ಕ್ರಿಸ್‌ಮಸ್‌ವರೆಗೆ ನೋಡೋಣ ಪುಟ್ಟಿ. ನಿಂಗೆ ಒಗ್ಗಲಿಲ್ಲ ಅಂದ್ರೆ ಅಜ್ಜಿ ಹತ್ರಾನೇ ವಾಪಸ್ ಹೋಗೋಣ. ನೀನು ಹೇಳಿದ ಹಾಗೆ."

ಇವತ್ತೇ ಹೇಳಿಬಿಡುತ್ತೇನೆ ಎಂದುಕೊಂಡಳು ಮೆರಿನ್. ಗೇಟಿನಲ್ಲಿ ಅಮ್ಮ ಕಂಡ ಕೂಡಲೇ.

ಊಟದ ಬಿಡುವಿನಲ್ಲಿ ಅವಳು ಗೋಡೆಗೆ ಒರಗಿ ನಿಂತಳು. ಅಂಗಳದ ಮೂಲೆಯಲ್ಲಿ ಬಣ್ಣ ಬಳಿದ ಒಂದು ಬೆಂಚಿತ್ತು. ಜೊತೆ ಇಲ್ಲದವರು ಅಲ್ಲಿ ಕುಳಿತರೆ ಯಾರಾದರೂ ಬಂದು ಆಟಕ್ಕೆ ಕರೆಯಬೇಕು ಎನ್ನುವುದು ಶಾಲೆಯ ಪದ್ಧತಿ. ಮೆರಿನ್ ಅಲ್ಲಿ ಯಾವತ್ತೂ ಕುಳಿತಿರಲಿಲ್ಲ. ಕುಳಿತ ಮೇಲೂ ಯಾರೂ ಬರದಿದ್ದರೆ? ನಿಂತೇ ಇದ್ದರೆ ಯಾರಿಗೋ ಕಾಯುತ್ತಿರುವ ಹಾಗಾದರೂ ಕಾಣುತ್ತದೆ.

"ನಾಲ್ಕನೇ ರಾಣಿಯವರೇ, ರಾಜ ಎಲ್ಲಿ?" ಎಂದ ಒಬ್ಬ.

"ಇವಳ ಟೋಪಿ ನೋಡಿ ಓಡಿಹೋದ!" ಎಂದ ಇನ್ನೊಬ್ಬ.

ಮಧ್ಯಾಹ್ನ ಚರಿತ್ರೆಯ ಪಾಠ. ಮಿಸ್ ಓಕ್ಡೆನ್ ಮೆರಿನ್‌ಳನ್ನು ಒಮ್ಮೆ ನೋಡಿ, ಪುಸ್ತಕ ಮುಚ್ಚಿದರು.

"ಕ್ಲೀವ್ಸ್‌ನ ಆ್ಯನ್ ರಾಜನನ್ನ ಮೊದಲು ಭೇಟಿಯಾಗಿದ್ದು ಎಲ್ಲಿ, ಗೊತ್ತಾ? ನಮ್ಮ ರೋಚೆಸ್ಟರಲ್ಲೇ. ಹೊಸವರ್ಷದ ದಿನ."

"ಇಲ್ಲೇನಾ?" ಎಂದಳು ಇಮೊಜೆನ್.

"ಇಲ್ಲೇ. ಪರದೇಶದಿಂದ ಬಂದವಳು. ನಮ್ಮ ಮಾತು ಬರಲ್ಲ, ನಮ್ಮ ಕುಣಿತ ಬರಲ್ಲ. ಅವಳ ಬಟ್ಟೆ ನೋಡಿ ಜನ ನಗ್ತಿದ್ರು. ಆವತ್ತು ಅವಳು ಕಿಟಕಿಯಿಂದ ಹೊರಗೆ ನೋಡ್ತಾ ಇದ್ಲು. ರಾಜ ವೇಷ ಮರೆಸ್ಕೊಂಡು ಬಂದು ಮುತ್ತು ಕೊಟ್ಟ. ಯಾರೋ ಪರಪುರುಷ ಅಂದ್ಕೊಂಡು ಅವಳು ಮತ್ತೆ ಕಿಟಕಿ ಕಡೆ ತಿರುಗಿಬಿಟ್ಲು. ರಾಜನಿಗೆ ಕೋಪ ಬರದೆ ಇರತ್ತಾ?"

ಕ್ಲಾಸು ನಕ್ಕಿತು. ಮೆರಿನ್ ನಗಲಿಲ್ಲ. ಆ ಕಿಟಕಿಯಿಂದ ರಾಣಿಗೆ ಏನು ಕಂಡಿರಬಹುದು? ಬಹುಶಃ ಕೆಸರು, ಚಳಿ, ಗುರುತಿಲ್ಲದ ಜನ. ಅವಳು ಕೈ ಎತ್ತಿದಳು. ಕ್ಲಾಸೆಲ್ಲ ಅವಳ ಕಡೆ ತಿರುಗಿತು, ಮೆರಿನ್ ಕೈ ಎತ್ತುವುದೇ ಅಪರೂಪ.

"ಮಿಸ್, ರಾಜ ಬಿಟ್ಟ ಮೇಲೆ ಅವಳು ಊರಿಗೆ ಹೋದ್ಲಾ?"

"ಇಲ್ಲ. ಇಲ್ಲೇ ಉಳಿದ್ಲು."

"ಯಾಕೆ?"

ಮಿಸ್ ಓಕ್ಡೆನ್ ಮೇಜಿಗೆ ಒರಗಿದರು. "ಅವಳ ಮನಸ್ಸಲ್ಲಿ ಏನಿತ್ತೋ ಯಾರಿಗೆ ಗೊತ್ತು? ರಾಜ ಮನೆಗಳನ್ನ ಕೊಟ್ಟ, ತಂಗಿ ಅಂತ ಕರೆದ. ದೇಶ ಬಿಟ್ಟು ಹೋಗಿದ್ರೆ ಅವು ಸಿಗ್ತಿರಲಿಲ್ಲ, ಅದೂ ಇರಬಹುದು. ಆದ್ರೆ ಇಷ್ಟು ಗೊತ್ತು: ಅವಳು ನಮ್ಮ ಮಾತು ಕಲಿತ್ಲು. ರಾಜನ ತಾಯಿ ಇಲ್ಲದ ಹೆಣ್ಣುಮಕ್ಕಳನ್ನ ಹಚ್ಚಿಕೊಂಡ್ಲು. ಆರು ಜನದಲ್ಲಿ ಎಲ್ಲರಿಗಿಂತ ಕೊನೆಯವರೆಗೆ ಬದುಕಿದ್ದವಳು ಅವಳೇ."

"ನನ್ನ ರಾಣಿಗಿಂತಲೂ?" ಎಂದಳು ಇಮೊಜೆನ್.

"ನಿನ್ನ ರಾಣಿ ತಲೆ ಆಗಲೇ ಹೋಗಿತ್ತಲ್ಲಮ್ಮ!"

ಈ ಸಲ ಎಲ್ಲರೂ ನಕ್ಕದ್ದು ಇಮೊಜೆನ್‌ಳನ್ನು ನೋಡಿ. ಇಮೊಜೆನ್ ಕೆಂಪಾದಳು. ಆ ಮುಖ ಮೆರಿನ್‌ಗೆ ಚೆನ್ನಾಗಿ ಗೊತ್ತಿತ್ತು. ಒಳಗಿನಿಂದ ಅದು ಹೇಗಿರುತ್ತದೆ ಎಂಬುದೂ ಗೊತ್ತಿತ್ತು. ಅವಳು ಬೇರೆ ಕಡೆ ನೋಡಿದಳು.

ಶಾಲೆ ಬಿಟ್ಟಿತು. ಗೇಟಿನ ಹೊರಗೆ ಅಮ್ಮಂದಿರು ಗುಂಪಾಗಿ ನಿಂತು ಮಾತಾಡುತ್ತಿದ್ದರು, ಅವರ ಉಸಿರು ಒಂದೇ ಮೋಡದ ಹಾಗೆ ಮೇಲೇಳುತ್ತಿತ್ತು. ಸ್ವಲ್ಪ ದೂರ, ಕಂಬದ ಪಕ್ಕ, ಮೆರಿನ್‌ಳ ಅಮ್ಮ ಒಬ್ಬರೇ ನಿಂತಿದ್ದರು. ಫೋನು ನೋಡುತ್ತಿದ್ದರು, ಏನೋ ಅವಸರದ ಸುದ್ದಿ ಬಂದ ಹಾಗೆ. ಹತ್ತಿರ ಹೋದಾಗ ಮೆರಿನ್‌ಗೆ ಫೋನಿನ ಪರದೆ ಕಂಡಿತು. ಅದು ಕಪ್ಪಾಗಿತ್ತು. ಅಮ್ಮ ಬರೀ ಕಪ್ಪು ಗಾಜನ್ನು ನೋಡುತ್ತಿದ್ದರು.

ಮೆರಿನ್ ತಾನು ಗೋಡೆಗೆ ಒರಗಿ ನಿಂತದ್ದನ್ನು ನೆನೆದಳು.

ಅಮ್ಮ ಸ್ವೆಟರ್ ನೋಡಿದರು, ಬೇರೆ ಮಕ್ಕಳನ್ನು ನೋಡಿದರು. ಮುಖ ಬಾಡಿತು. "ಇವತ್ತಲ್ವಾ? ಅಯ್ಯೋ ಪುಟ್ಟಿ... ದಿನವೆಲ್ಲ ಹೀಗೇ ಇದ್ಯಾ? ನನ್ನಿಂದ ಆಗಿದ್ದು." ಆಮೇಲೆ ತಗ್ಗಿದ ದನಿಯಲ್ಲಿ ಕೇಳಿದರು, "ಊರಿಗೆ ಹೋಗ್ಬಿಡೋಣ ಅಂತೀಯಾ?"

ಬೆಳಿಗ್ಗೆಯಿಂದ ನಾಲಿಗೆಯ ತುದಿಯಲ್ಲಿ ಇಟ್ಟುಕೊಂಡಿದ್ದ ಉತ್ತರ ಅದೇ ಆಗಿತ್ತು. ಮೆರಿನ್ ಅದನ್ನು ಹೇಳಲಿಲ್ಲ. ಕೈಯಲ್ಲಿದ್ದ ಟೋಪಿಯನ್ನು ತಲೆಗೆ ಹಾಕಿಕೊಂಡು, ಓರೆಯಾದ ರೆಕ್ಕೆಯನ್ನು ನೆಟ್ಟಗೆ ಮಾಡಿದಳು. ಗುಂಪಿನ ಕಡೆಗೆ ನಡೆದಳು. ಇಮೊಜೆನ್‌ಳ ಅಮ್ಮನ ಎದುರು ನಿಂತಳು.

"ನಮ್ಮಮ್ಮನ್ನ ಗ್ರೂಪಿಗೆ ಸೇರಿಸ್ಕೋತೀರಾ," ಎಂದಳು. ಒಮ್ಮೆ ಉಸಿರೆಳೆದುಕೊಂಡು ಸೇರಿಸಿದಳು, "ನನ್ ಬಂಗಾರ?"

ಯಾರೋ ಕಿಸಕ್ಕೆಂದರು. ಮೆರಿನ್ ತಲೆ ತಗ್ಗಿಸಲಿಲ್ಲ.

"ಅಯ್ಯೋ, ಇನ್ನೂ ಸೇರಿಸಿಲ್ವಾ ನಾವು?" ಇಮೊಜೆನ್‌ಳ ಅಮ್ಮ ಬ್ಯಾಗಿಗೆ ಕೈ ಹಾಕಿದರು. "ಎಲ್ಲಿ, ಕರಿ ಅವರನ್ನ. ನಂಬರ್ ಹೇಳಲಿ."

ಅಮ್ಮ ಕಂಬದ ಬಳಿಯಿಂದ ಬಂದರು, ಮೊದಲು ನಿಧಾನವಾಗಿ. ತಮ್ಮದೇ ನಂಬರ್ ಹೇಳುವಾಗ ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಹೇಳಿದರು. ಮೆರಿನ್ ಪಕ್ಕದಲ್ಲಿ ನಿಂತು ಕಾಯ್ದಳು. ಆಮೇಲೆ ಅಮ್ಮನ ಫೋನು ಟಿಣ್ ಎಂದಿತು, ಕಪ್ಪು ಗಾಜಿನಲ್ಲಿ ಬೆಳಕು ಬಂತು.